ರೂಮಿನಲ್ಲಿ ಭರ್ಜರಿಯಾಗಿ ಕೇಳುವ ನನ್ನ ಬೇಸ್ ಗಿಟಾರ್, ರಾಕ್ ಬ್ಯಾಂಡ್ ಜೊತೆ ಯಾಕೆ ಮಾಯವಾಗುತ್ತದೆ?

ಬಹುಶಃ ನೀವು ಆಂಪ್‌ನಲ್ಲಿ (ಆಂಪ್ಲಿಫೈಯರ್) ಬೇಸ್ ನಾಬ್, ಅಂದರೆ ತಗ್ಗು ನಾದದ್ದು, ಪೂರ್ತಿ ಏರಿಸಿ, ಮಿಡ್, ಅಂದರೆ ನಡುವಿನ ನಾದದ್ದು, ಇಳಿಸಿರಬೇಕು. ಬೆಳಗಾವಿಯ ಟಿಳಕವಾಡಿಯಲ್ಲಿ ಗೆಳೆಯರ ಜೊತೆ ನುಡಿಸುವಾಗ ನಾನೂ ಇದೇ ತಪ್ಪು ಮಾಡುತ್ತಿದ್ದೆ. ಒಬ್ಬನೇ ನುಡಿಸಿದರೆ ಕಿಟಕಿ ನಡುಗುತ್ತಿತ್ತು. ಡ್ರಮ್ಸ್, ಎರಡು ಗಿಟಾರ್ ಸೇರಿದ ಕೂಡಲೇ ಬರೀ ಗುಂಯ್!

ನಾಲ್ಕು ತಂತಿಯ ಬೇಸ್‌ನಲ್ಲಿ ಎಲ್ಲಕ್ಕಿಂತ ದಪ್ಪನೆಯ ಇ ತಂತಿಯ ಮೂಲ ಸ್ವರ ಸುಮಾರು 41 ಹರ್ಟ್ಸ್. ಸಣ್ಣ ಸ್ಪೀಕರಿಗೆ ಅದು ಸರಿಯಾಗಿ ಎಟುಕುವುದೇ ಇಲ್ಲ. ಅದರ ಮೇಲೆ ಕಿಕ್ ಡ್ರಮ್ ಕೂಡ ಅಲ್ಲೇ ಹತ್ತಿರದಲ್ಲಿ ಗುದ್ದುತ್ತಿರುತ್ತದೆ. ಸ್ವರ ಯಾವುದೆಂದು ಕಿವಿಗೆ ಬಿಡಿಸಿ ಹೇಳುವುದು ಮೇಲಿನ ಹಾರ್ಮೋನಿಕ್ಸ್, ಅಂದರೆ ಮೂಲ ಸ್ವರದ ಜೊತೆಗೇ ಹುಟ್ಟುವ ಎತ್ತರದ ಸ್ವರಗಳು. ಅದಕ್ಕೇ 700ರಿಂದ 1000 ಹರ್ಟ್ಸ್ ಸುತ್ತಮುತ್ತ ಮಿಡ್ ಸ್ವಲ್ಪ ಏರಿಸಿ. ಒಬ್ಬರೇ ಕೇಳಿದಾಗ ಒರಟು ಅನಿಸುತ್ತದೆ, ಅನಿಸಲಿ ಬಿಡಿ. ಚೂರು ಡ್ರೈವ್ (ನಾದವನ್ನು ಒಡೆದು ಒರಟು ಮಾಡುವ ಎಫೆಕ್ಟ್) ಹಾಕಿದರೂ ಇದೇ ಹಾರ್ಮೋನಿಕ್ಸ್ ಜಾಸ್ತಿಯಾಗುತ್ತವೆ. ಮೋಟರ್‌ಹೆಡ್ ಎಂಬ ರಾಕ್ ಬ್ಯಾಂಡಿನ ಬೇಸ್ ವಾದಕ ಲೆಮ್ಮಿ ರಿಕನ್‌ಬ್ಯಾಕರ್ ಬೇಸನ್ನು ಮಾರ್ಷಲ್ ಆಂಪ್‌ಗೆ ಹಾಕಿ ಗೊರಗೊರ ಅನ್ನಿಸುತ್ತಿದ್ದದ್ದು ಇದರ ಅತಿರೇಕ. ನನಗಂತೂ ಇಷ್ಟ.

ತಂತಿ ರೌಂಡ್‌ವೌಂಡ್ (ಮೇಲೆ ದುಂಡನೆಯ ಸಣ್ಣ ತಂತಿ ಸುತ್ತಿದ್ದು) ಇರಲಿ, ಹಳೆಯದಾಗಿ ಮಂಕಾಗಿದ್ದರೆ ಬದಲಿಸಿ.

ಆದರೆ ಸುಮ್ನೆ ಎಫೆಕ್ಟ್ ಪೆಡಲ್‌ಗೆ ದುಡ್ಡು ಸುರಿಯಬೇಡಿ, ಮೊದಲು ಕೈ ನೋಡಿಕೊಳ್ಳಿ. ಭಜನೆಯಲ್ಲಿ ಅದೇ ಡಗ್ಗಾ ಒಬ್ಬರ ಕೈಯಲ್ಲಿ ಮಾತಾಡುತ್ತದೆ, ಇನ್ನೊಬ್ಬರ ಕೈಯಲ್ಲಿ ಬಡಬಡ ಅನ್ನುತ್ತದೆ, ಅಲ್ವಾ? ಇಲ್ಲೂ ಹಾಗೆಯೇ. ಬ್ರಿಡ್ಜ್ (ತಂತಿಗಳು ಬುಡದಲ್ಲಿ ಕೂರುವ ಜಾಗ) ಹತ್ತಿರ ಮೀಟಿದರೆ ನಾದ ಬಿಗಿ, ನೆಕ್ (ಉದ್ದನೆಯ ಕತ್ತು) ಕಡೆ ಸರಿದರೆ ದಪ್ಪ. ಪಿಕ್ ಹಿಡಿದರೆ ಪ್ರತಿ ಸ್ವರದ ಮೊದಲ ಪೆಟ್ಟು ಚುರುಕು. ನುಡಿಸದ ತಂತಿಗಳನ್ನು ಬೆರಳಿನಿಂದ ಹಗುರವಾಗಿ ಮುಟ್ಟಿ ಸುಮ್ಮನಿರಿಸಿ, ಅರ್ಧ ಗುಂಯ್ ಅಲ್ಲೇ ಹೋಗುತ್ತದೆ.