ಸ್ನಾನ ಸ್ವಲ್ಪ ತಡವಾಗಲಿ

ಕಾಸರಗೋಡು ಜಿಲ್ಲೆಯ ಪೆರ್ಲ ಕಡೆಯ ಓದುಗರೊಬ್ಬರ ಪತ್ರ: "ಮಗ ಆರನೇ ಕ್ಲಾಸು. ನಾಲ್ಕೂವರೆಗೆ ಬರುತ್ತಾನೆ. ಮಿಂದು, ತಿಂಡಿ ತಿಂದು ಮೊಬೈಲ್ ಹಿಡಿದರೆ ಏಳುವುದೇ ಇಲ್ಲ. ಹತ್ತಿರದಲ್ಲಿ ಮೈದಾನವಿಲ್ಲ. ಒಂಬತ್ತನೇ ಕ್ಲಾಸಿನ ಮಗಳ ಚಿಂತೆಯಿಲ್ಲ, ಮನೆಕೆಲಸಕ್ಕೆ ಸೇರುತ್ತಾಳೆ. ಆಟ ಆಡಿಸುವುದು ಶಾಲೆಯವರ ಕೆಲಸ ಅಲ್ವಾ?"

ಅವರ ಕೆಲಸವೂ ಹೌದು. ಆದರೆ 5ರಿಂದ 17 ವರ್ಷದ ಮಕ್ಕಳು ದಿನಕ್ಕೆ ಸರಾಸರಿ 60 ನಿಮಿಷವಾದರೂ ಉಸಿರು ಜೋರಾಗುವಂತೆ ಮೈ ಆಡಿಸಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದೆ. ವಾರದ ಒಂದೆರಡು ಪಿ.ಟಿ. ಪೀರಿಯಡ್‌ನಲ್ಲಿ ಅದು ಮುಗಿಯುವುದಿಲ್ಲ.

ನಿಮ್ಮ ಪತ್ರದಲ್ಲಿ ನನ್ನ ಕಣ್ಣಿಗೆ ಬಿದ್ದದ್ದು ಮೊಬೈಲ್ ಅಲ್ಲ, ಸ್ನಾನ. ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ಇದೇ ಕ್ರಮ. ಬಸ್ಸಿಳಿದು ಬಂದವನು ಸೀದಾ ಬಚ್ಚಲಿಗೆ. ಮಿಂದಾದ ಮೇಲೆ "ಇನ್ನು ಮಣ್ಣಿಗೆ ಇಳಿಯಬೇಡ" ಅನ್ನುವ ಮಾತು ಬಂದೇ ಬರುತ್ತದೆ. ಹೊರಗೆ ಬಿಸಿಲಿದೆ, ಹುಡುಗ ಒಳಗಿದ್ದಾನೆ. ಮೊಬೈಲ್ ಹಿಡಿಯದೆ ಇನ್ನೇನು ಮಾಡಿಯಾನು? ಯೂನಿಫಾರಂ ಬದಲಿಸಿ, ತಿಂಡಿ ತಿಂದು ಅವನು ಅಂಗಳಕ್ಕಿಳಿಯಲಿ. ಸ್ನಾನ ದೀಪ ಹಚ್ಚುವ ಹೊತ್ತಿಗೆ ಆದರೆ ಸಾಕು.

ಆ ಅಂಗಳದಲ್ಲೂ ಬೇಸಿಗೆಯಿಡೀ ಒಣಹಾಕಿದ ಅಡಕೆ. ತುಳಿಯಬೇಡ, ಬಾಲ್ ಹೊಡೆಯಬೇಡ. ದನದ ಹಟ್ಟಿಯ ಪಕ್ಕ ನಾಲ್ಕು ಮಾರು ಜಾಗ ಬಿಟ್ಟುಕೊಡಿ, ಶಟಲ್ ಆಡಲು ಧಾರಾಳ. ತೋಟದ ಮೆಟ್ಟಿಲು ಹತ್ತಿಳಿದು ಬಿದ್ದಡಕೆ ಹೆಕ್ಕಿದರೆ ಅದೂ ಲೆಕ್ಕಕ್ಕೆ ಸೇರುತ್ತದೆ. ಆದರೆ ಮಾರ್ಕು ಕಡಿಮೆಯಾದದ್ದಕ್ಕೆ ಶಿಕ್ಷೆಯಾಗಿ ಹೆಕ್ಕಿಸಬೇಡಿ, ಆಮೇಲೆ ತೋಟ ಅಂದರೇ ಆಗದು.

ನಿಜವಾದ ಕಷ್ಟ ಬೇರೆ ಇದೆ. ನಮ್ಮ ಮನೆಗಳು ಗುಡ್ಡಕ್ಕೊಂದು, ಬೈಲಿಗೊಂದು. ಕೂಗಿದರೆ ಕೇಳುವಷ್ಟು ಹತ್ತಿರ ಜೊತೆಗಾರರಿಲ್ಲ. ಎರಡು ಮನೆಯವರು ಮಾತಾಡಿಕೊಂಡು ಒಂದು ದಿನ ಇಲ್ಲಿ, ಒಂದು ದಿನ ಅಲ್ಲಿ ಅಂತ ಮಾಡಬಹುದು. ಅದೂ ಆಗದಿದ್ದರೆ ಅಪ್ಪನೇ ಇಳಿಯಬೇಕು. ಜಗಲಿಯಲ್ಲಿ ಮೊಬೈಲ್ ನೋಡುತ್ತಾ "ಹೋಗಿ ಆಡು" ಅಂದರೆ ಯಾವ ಮಗನೂ ಹೋಗುವುದಿಲ್ಲ, ಬಿಡಿ.

ಮಗಳ ಚಿಂತೆಯಿಲ್ಲ ಅಂದಿರಲ್ಲ, ಅಲ್ಲಿ ನನ್ನ ತಕರಾರಿದೆ. 2016ರ ಜಾಗತಿಕ ಲೆಕ್ಕದಲ್ಲಿ 11ರಿಂದ 17 ವರ್ಷದ ಹುಡುಗರಲ್ಲಿ ಸುಮಾರು 78 ಶೇಕಡಾ, ಹುಡುಗಿಯರಲ್ಲಿ ಸುಮಾರು 85 ಶೇಕಡಾ ಮಂದಿಗೆ ಬೇಕಾದಷ್ಟು ಚಟುವಟಿಕೆ ಇರಲಿಲ್ಲ. ಕಾಯಿ ತುರಿದರೆ, ಪಾತ್ರೆ ತೊಳೆದರೆ ಕೈ ನೋಯುತ್ತದೆ, ಏದುಸಿರು ಬರುವುದಿಲ್ಲ. ಸಂಜೆಯ ಪಾತ್ರೆ ಒಂದು ದಿನ ಅವನಿಗೆ, ಒಂದು ದಿನ ಅವಳಿಗೆ ಹಂಚಿ. ಶಟಲ್ ಬ್ಯಾಟು ತರುವಾಗ ಎರಡು ತನ್ನಿ. ಜೊತೆಗಾರರನ್ನು ಕರೆಯಲು ಪಕ್ಕದ ಮನೆಗೆ ಹೋಗುವ ಮೊದಲು ನೋಡಿ, ಅವನ ಜೊತೆ ಆಡಲು ಅಕ್ಕ ಮನೆಯಲ್ಲೇ ಇದ್ದಾಳೆ.