ಬೈಕ್ ಅಲಾರಾಂ ರಾತ್ರಿ ತಾನಾಗೇ ಕೂಗುತ್ತೆ, ಬ್ಯಾಟರಿನೂ ಇಳಿಯುತ್ತೆ. ತೆಗೆಸಿಬಿಡಲಾ?

ನೀವು ಕೇಳಿರೋದು ಇಷ್ಟು: ಬೆಂಗಳೂರಲ್ಲಿ ಬಾಡಿಗೆ ಮನೆ, ಗೇಟಿನ ಒಳಗೆ ಜಾಗ ಇಲ್ಲ, 150 ಸಿಸಿ ಬೈಕ್ ರಸ್ತೆಯಲ್ಲೇ ನಿಲ್ಲುತ್ತೆ. ಪಕ್ಕದ ಬೀದಿಯಲ್ಲಿ ಬೈಕ್ ಕಳುವಾದ ಮೇಲೆ ಹೊರಗಿನ ಅಂಗಡಿಯಲ್ಲಿ ಒಂದು ಅಲಾರಾಂ ಹಾಕಿಸಿದ್ರಿ. ಈಗ ಅದು ಯಾರೂ ಮುಟ್ಟದಿದ್ದರೂ ನಡುರಾತ್ರಿ ಕೂಗುತ್ತೆ, ಎರಡು ದಿನ ಗಾಡಿ ತೆಗೆಯದಿದ್ದರೆ ಸೆಲ್ಫ್ ಎತ್ತಲ್ಲ.

ತೆಗೆಸಬೇಡಿ. ಆದರೆ ಸರಿಯಾಗುವ ತನಕ ಅದನ್ನು ನಂಬಲೂ ಬೇಡಿ. ನಾನು ಟೂ ವೀಲರ್ ವೈರಿಂಗ್ ಕೆಲಸ ಮಾಡುವವನು, ಇದೇ ದೂರು ಹೊತ್ತು ಬರುವ ಗಾಡಿಗಳನ್ನು ಬಿಚ್ಚಿ ನೋಡುವುದೇ ನನ್ನ ಕಸುಬು. ಸುಮ್ಮಸುಮ್ಮನೆ ಕೂಗುವ ಅಲಾರಾಂ ಇರುವುದಕ್ಕಿಂತ ಇಲ್ಲದಿರುವುದೇ ವಾಸಿ. ಮೊದಮೊದಲು ಎದ್ದು ಕಿಟಕಿಗೆ ಬರ್ತೀರಿ, ಆಮೇಲೆ ಮಲಗಿದಲ್ಲಿಂದಲೇ ರಿಮೋಟ್ ಒತ್ತಿ ಬಾಯಿ ಮುಚ್ಚಿಸ್ತೀರಿ. ಅಕ್ಕಪಕ್ಕದವರು ತಿರುಗಿಯೂ ನೋಡಲ್ಲ. ಇದು ಕಳ್ಳರಿಗೂ ಗೊತ್ತು. ಬೇಕಂತಲೇ ಗಾಡಿಗೆ ಒಂದು ಏಟು ಕೊಟ್ಟು ದೂರ ನಿಲ್ಲುತ್ತಾರೆ, ಕೂಗು ನಿಂತ ಮೇಲೆ ಇನ್ನೊಂದು ಏಟು. ಮನೆಯವರು ಬೇಸತ್ತು ಅಲಾರಾಂ ಆಫ್ ಮಾಡಿದರೆ ಅವರ ಕೆಲಸ ಸಲೀಸು.

ನಿಮ್ಮ ಎರಡೂ ತೊಂದರೆಗೆ ಬೇರು ಬಹುಶಃ ಒಂದೇ: ಬ್ಯಾಟರಿ. ಇಂಥ ಕಿಟ್‌ಗಳಲ್ಲಿ ಹೆಚ್ಚಿನವು ಕರೆಂಟು ಹೋಗಿ ಬಂದರೆ ಯಾರೋ ಬ್ಯಾಟರಿ ವೈರ್ ಕಿತ್ತರು ಅಂದುಕೊಂಡು ಕೂಗುತ್ತವೆ. ಬ್ಯಾಟರಿ ಸೋತಿದ್ದರೆ ಅಥವಾ ಟರ್ಮಿನಲ್ ಸಡಿಲ ಇದ್ದರೆ ವೋಲ್ಟೇಜ್ ಕುಸಿದು ಅಲಾರಾಂ ಡಬ್ಬಿ ರೀಸೆಟ್ ಆಗುತ್ತೆ, ಕೂಗು ಶುರು. ಕೂಗುವಾಗ ನಾಲ್ಕು ಇಂಡಿಕೇಟರೂ ಮಿನುಗುತ್ತವೆ. ಒಂದೊಂದು 10 ವ್ಯಾಟ್ ಬಲ್ಬ್ ಆದರೆ ನಾಲ್ಕೂ ಸೇರಿ ಉರಿಯುವಾಗ 3 ಆಂಪಿಯರ್‌ಗೂ ಜಾಸ್ತಿ, ಸೈರನ್ ಎಳೆಯುವುದು ಬೇರೆ. ಅಂದರೆ ಕೂಗಿದಷ್ಟೂ ಬ್ಯಾಟರಿ ಇಳಿಯುತ್ತೆ, ಇಳಿದಷ್ಟೂ ಕೂಗುತ್ತೆ.

ಹಾಗಾಗಿ ರಿಮೋಟನ್ನೋ ಅಲುಗಾಟ ಹಿಡಿಯುವ ಸೆನ್ಸರನ್ನೋ ಬೈಯುವ ಮೊದಲು ಬ್ಯಾಟರಿ ಪೂರ್ತಿ ಚಾರ್ಜ್ ಮಾಡಿಸಿ, ನೆಗೆಟಿವ್ ವೈರ್ ಬಿಚ್ಚಿಟ್ಟು ಒಂದು ರಾತ್ರಿ ಬಿಡಿ. ಬೆಳಿಗ್ಗೆ ಮಲ್ಟಿಮೀಟರ್ ಹಿಡಿದರೆ 12.6 ವೋಲ್ಟ್ ಆಸುಪಾಸು ತೋರಿಸಬೇಕು. ಏನೂ ಜೋಡಿಸದೇ 12.2ಕ್ಕೆ ಇಳಿದಿದ್ದರೆ ಬ್ಯಾಟರಿ ಹೋಗಿದೆ, ಅಲಾರಾಂನ ತಪ್ಪಲ್ಲ. ಇಂಜಿನ್ ಓಡುವಾಗ, ಸ್ವಲ್ಪ ರೇಸ್ ಕೊಟ್ಟರೆ, ಸುಮಾರು 14 ವೋಲ್ಟ್ ಬರಬೇಕು. ಬರದಿದ್ದರೆ ಚಾರ್ಜಿಂಗ್ ಕಡೆ ನೋಡಬೇಕು.

ಬ್ಯಾಟರಿ ಚೆನ್ನಾಗಿದೆ ಅಂತಾದರೆ ಮುಂದಿನದು ಕರೆಂಟು ಎಲ್ಲಿ ಸೋರುತ್ತಿದೆ ಅನ್ನೋದು. ಕೀ ಆಫ್ ಇರಲಿ. ನೆಗೆಟಿವ್ ವೈರ್ ಬಿಚ್ಚಿ, ಮೀಟರಿನ ಕೆಂಪು ಕಡ್ಡಿಯ ವೈರನ್ನು 10 ಆಂಪಿಯರ್ ತೂತಿಗೆ ಹಾಕಿ, ಬಿಚ್ಚಿದ ನೆಗೆಟಿವ್ ವೈರಿಗೂ ಬ್ಯಾಟರಿಯ ನೆಗೆಟಿವ್‌ಗೂ ನಡುವೆ ಮೀಟರ್ ಸೇರಿಸಿ. ಈ ಸ್ಥಿತಿಯಲ್ಲಿ ಮರೆತೂ ಸೆಲ್ಫ್ ಒತ್ತಬೇಡಿ, ಮೀಟರ್ ಸುಟ್ಟುಹೋಗುತ್ತೆ. ಜೋಡಿಸಿದ ಕೂಡಲೇ ಅಲಾರಾಂ ಕೂಗಬಹುದು, ಅದನ್ನು ಆಫ್ ಮಾಡಿ ಅಂಕಿ ನಿಲ್ಲುವ ತನಕ ಕಾಯಿರಿ. 0.01 ತೋರಿಸಿದರೆ, ಅಂದರೆ 10 ಮಿಲಿಯಾಂಪ್, ಸಹಿಸಬಹುದು. ದಿನಕ್ಕೆ ಕಾಲು ಆಂಪಿಯರ್-ಅವರ್ (ಬ್ಯಾಟರಿ ಎಷ್ಟು ಹಿಡಿಯುತ್ತೆ ಅನ್ನುವ ಅಳತೆ) ಕೂಡ ಖರ್ಚಾಗಲ್ಲ. 0.1 ತೋರಿಸಿದರೆ ದಿನಕ್ಕೆ 2.4 ಆಂಪಿಯರ್-ಅವರ್. ಈಗಿನ ಎಷ್ಟೋ ಗಾಡಿಗಳಲ್ಲಿರುವ 4 ಆಂಪಿಯರ್-ಅವರ್‌ನ ಪುಟ್ಟ ಬ್ಯಾಟರಿಗೆ ಎರಡು ದಿನದ ಆಯಸ್ಸು. ನೀವು ಹೇಳಿದ ಲೆಕ್ಕಕ್ಕೆ ಇದು ಸರಿಯಾಗಿ ಕೂರುತ್ತೆ. ಆಗ ಅಲಾರಾಂನ ಕಪ್ಲರ್, ಅಂದರೆ ವೈರ್‌ಗಳನ್ನು ಜೋಡಿಸುವ ಪ್ಲಗ್, ಎಳೆಯಿರಿ. ಅಂಕಿ ದಡಕ್ಕನೆ ಬಿದ್ದರೆ ಕಳ್ಳ ಅಲ್ಲೇ ಇದ್ದಾನೆ. ಬೀಳದಿದ್ದರೆ ಹ್ಯಾಂಡಲ್‌ಗೆ ಹಾಕಿಸಿದ ಮೊಬೈಲ್ ಚಾರ್ಜರ್ ಅಥವಾ ಫಾಗ್ ಲೈಟಿನ ವೈರನ್ನು ಕೀ ದಾಟಿ ನೇರ ಬ್ಯಾಟರಿಗೆ ಕೊಟ್ಟಿದ್ದಾರಾ ನೋಡಿ.

ಜೋಡಣೆಗಳನ್ನು ಕಣ್ಣಾರೆ ನೋಡಲೇಬೇಕು. ಸೀಟ್ ಎತ್ತಿ, ಸೈಡ್ ಕವರ್ ತೆಗೆದು, ಕಪ್ಪು ಟೇಪ್ ಸುತ್ತಿದ ಕಡೆಯೆಲ್ಲ ಬಿಚ್ಚಿ. ವೈರಿನ ಸಿಪ್ಪೆ ಸುಲಿದು, ಎಳೆಗಳನ್ನು ಬರಿ ತಿರುಚಿ ಟೇಪ್ ಹಾಕಿರುತ್ತಾರೆ. ಬಿಸಿಲಿಗೆ ಅಂಟು ಕರಗುತ್ತೆ, ಮಳೆಗೋ ವಾಟರ್ ಸರ್ವಿಸಿಗೋ ನೀರು ಒಳಗೆ ಹೋಗುತ್ತೆ, ತಾಮ್ರ ಹಸಿರಾಗಿ ಪುಡಿಪುಡಿ ಆಗುತ್ತೆ. ಅಂಥ ಹಸಿರು ಕಂಡರೆ ಆ ತುಂಡನ್ನು ಕತ್ತರಿಸಿ, ಬೆಸುಗೆ ಹಾಕಿಸಿ, ಮೇಲೆ ಬಿಸಿಗೆ ಕುಗ್ಗಿ ಬಿಗಿಯಾಗುವ ಹೀಟ್ ಶ್ರಿಂಕ್ ಸ್ಲೀವ್ ಹಾಕಿಸಿ. ಅರ್ಥ್ ವೈರನ್ನು ಬಣ್ಣ ಹೊಡೆದ ಬೋಲ್ಟಿಗೆ ಕೊಟ್ಟಿದ್ದರೆ ತೆಗೆದು ಬ್ಯಾಟರಿ ನೆಗೆಟಿವ್‌ಗೇ ಕೊಡಿಸಿ. ಪಾಸಿಟಿವ್ ಮೇಲೆ ಫ್ಯೂಸ್ ಇಲ್ಲದಿದ್ದರೆ ಇವತ್ತೇ ಹಾಕಿಸಿ, ಶಾರ್ಟ್ ಆದರೆ ಗಾಡಿಗೆ ಬೆಂಕಿ ಹತ್ತಬಹುದು.

ಇಷ್ಟಾದ ಮೇಲೂ ಬಸ್ಸು ಲಾರಿ ಹಾದಾಗ, ಗುಡುಗಿದಾಗ ಕೂಗಿದರೆ ಸೆನ್ಸರ್ ಅತಿ ಸೂಕ್ಷ್ಮ ಇದೆ. ಅದನ್ನು ತಗ್ಗಿಸಲು ಕೆಲವಕ್ಕೆ ಸ್ಕ್ರೂ ಇರುತ್ತೆ, ಕೆಲವಕ್ಕೆ ರಿಮೋಟಿನಲ್ಲೇ ಹಂತ ಬದಲಿಸುವುದು, ಜೊತೆಗೆ ಬಂದ ಚೀಟಿಯಲ್ಲಿ ಬರೆದಿರುತ್ತೆ. ಅಲಾರಾಂ ಡಬ್ಬಿ ಅಲುಗಾಡುತ್ತಿದ್ದರೆ ಸ್ಪಂಜ್ ಸುತ್ತಿ ಕೇಬಲ್ ಟೈ ಬಿಗಿಯಿರಿ. ರಾತ್ರಿ ಡಬಲ್ ಸ್ಟ್ಯಾಂಡ್ ಹಾಕಿ. ರಿಮೋಟ್ ಹತ್ತಿರ ಬಂದರಷ್ಟೇ ಕೆಲಸ ಮಾಡಿದರೆ ಮೊದಲು ಅದರ ಸೆಲ್ ಬದಲಿಸಿ. ಆಮೇಲೆ ಡಬ್ಬಿಯಿಂದ ಹೊರಬಂದಿರುವ ಒಂಟಿ ತೆಳು ವೈರ್ ನೋಡಿ, ಅದು ಆಂಟೆನಾ. ಚಾಸಿಗೆ ಸುತ್ತಿದ್ದರೆ ಬಿಡಿಸಿ ಚಾಚಿಡಿ.

ಒಂದು ವಿಷಯದಲ್ಲಿ ಮಾತ್ರ ನನ್ನ ಮಾತು ಕೇಳಿ. ರಿಮೋಟ್ ಸ್ಟಾರ್ಟ್ ಸೌಲಭ್ಯ ಇದ್ದರೆ ಆ ವೈರ್ ಕಳಚಿಸಿ. ಗೇರಿನಲ್ಲಿರುವ ಗಾಡಿ ಜೇಬಿನ ರಿಮೋಟ್ ಅದುಮಿದ್ದಕ್ಕೆ ಮುಂದೆ ನೆಗೆದರೆ, ಎದುರಿಗೆ ಮಗು ನಿಂತಿದ್ದರೆ ಏನು ಗತಿ? ಇಂಜಿನ್ ಕಟ್ ಮಾಡುವ ರಿಲೇ (ಕರೆಂಟಿನಿಂದ ಕೆಲಸ ಮಾಡುವ ಸ್ವಿಚ್) ಕೂಡ ಕಳಪೆಯದಾದರೆ ಓಡುವಾಗಲೇ ಇಂಜಿನ್ ನಿಲ್ಲಿಸಬಲ್ಲದು. 2020ರ ಏಪ್ರಿಲ್ ನಂತರದ ಬಿಎಸ್6 (ಹೊಸ ಹೊಗೆ ನಿಯಮದ) ಗಾಡಿಯಾದರೆ ಇಸಿಯು, ಅಂದರೆ ಇಂಜಿನ್ ನಡೆಸುವ ಪುಟ್ಟ ಕಂಪ್ಯೂಟರ್, ಕಡೆಯ ವೈರ್ ಯಾರಿಗೂ ಕತ್ತರಿಸಲು ಬಿಡಬೇಡಿ.

ಇನ್ನು ಕಳ್ಳತನ. ಅಲಾರಾಂ ಕಳ್ಳನನ್ನು ತಡೆಯಲ್ಲ, ನಿಮ್ಮನ್ನು ಎಬ್ಬಿಸುತ್ತೆ ಅಷ್ಟೇ. ತಡೆಯುವುದು ಕಬ್ಬಿಣ. ಹ್ಯಾಂಡಲ್ ಲಾಕ್ ಒಂದು ಒದೆತಕ್ಕೆ ಮುರಿಯುತ್ತೆ. ಆಮೇಲೆ ಸ್ಟಾರ್ಟ್ ಕೂಡ ಮಾಡಬೇಕಿಲ್ಲ: ಒಬ್ಬ ನಿಮ್ಮ ಗಾಡಿ ಮೇಲೆ ಕೂರುತ್ತಾನೆ, ಇನ್ನೊಬ್ಬ ತನ್ನ ಗಾಡಿಯಿಂದ ಕಾಲಲ್ಲಿ ತಳ್ಳಿಕೊಂಡು ಹೋಗುತ್ತಾನೆ. ಇಂಜಿನ್ ಕಟ್ ಇದ್ದೂ ಪ್ರಯೋಜನ ಇಲ್ಲ. ಅದಕ್ಕೇ ಗಟ್ಟಿ ಚೈನ್ ತೆಗೆದುಕೊಳ್ಳಿ, ಗಾಡಿ ಬಿಡಿಭಾಗಗಳ ಅಂಗಡಿಗಳಿರುವ ಜೆಸಿ ರಸ್ತೆಯಲ್ಲಿ ಕೈಯಲ್ಲಿ ತೂಗಿ ನೋಡಿ ಕೊಳ್ಳಬಹುದು. ಅದನ್ನು ಹಿಂದಿನ ಚಕ್ರ ಮತ್ತು ಚಾಸಿ ಎರಡರಲ್ಲೂ ತೂರಿಸಿ ಮನೆಯ ಗೇಟಿಗೋ ಗ್ರಿಲ್ಲಿಗೋ ಬಿಗಿಯಿರಿ. ಓನರ್ ಹತ್ತಿರ ಒಂದು ಮಾತು ಕೇಳಿ, ಗೋಡೆಗೆ ಕೊಂಡಿ ಹಾಕಿಸಿದರೆ ಇನ್ನೂ ಒಳ್ಳೆಯದು. ಬೀಗ ನೆಲಕ್ಕೆ ತಾಗಬಾರದು, ನೆಲದ ಮೇಲಿದ್ದರೆ ಸುತ್ತಿಗೆಯ ಏಟಿಗೆ ಸಿಗುತ್ತೆ. ಡಿಸ್ಕ್ ಲಾಕ್ ಹಾಕುವುದಾದರೆ ಹ್ಯಾಂಡಲ್‌ವರೆಗೆ ನೆನಪಿನ ಕೇಬಲ್ ಕಟ್ಟಿ, ಮರೆತು ಗಾಡಿ ತೆಗೆದರೆ ಬೀಳ್ತೀರಿ. ಜಿಪಿಎಸ್ ಹಾಕಿಸುವುದಾದರೆ ಸಿಮ್ ರೀಚಾರ್ಜ್ ತಪ್ಪಿಸಬೇಡಿ.

ಇನ್ಶೂರೆನ್ಸ್ ಬರೀ ಥರ್ಡ್ ಪಾರ್ಟಿ ಇದ್ದರೆ ಕಳುವಿಗೆ ಒಂದು ರೂಪಾಯಿಯೂ ಬರಲ್ಲ, ಪಾಲಿಸಿ ಈಗಲೇ ತೆಗೆದು ನೋಡಿ. ಎರಡೂ ಕೀ ಜೋಪಾನ ಮಾಡಿ, ಕ್ಲೇಮ್ ಹೊತ್ತಿಗೆ ಕೇಳುತ್ತಾರೆ. ಹಾಗೊಂದು ವೇಳೆ ಗಾಡಿ ಹೋದರೆ ಕೂಡಲೇ 112ಕ್ಕೆ ಫೋನ್ ಮಾಡಿ, ಅದೇ ದಿನ ಎಫ್‌ಐಆರ್ ಮಾಡಿಸಿ. ಈಗ ಭಾರತೀಯ ನ್ಯಾಯ ಸಂಹಿತೆಯ 303(2) ಕಲಂ ಹಾಕುತ್ತಾರೆ. ವಿಮಾ ಕಂಪನಿಗೂ ಆರ್‌ಟಿಓಗೂ ಬರೆದು ತಿಳಿಸಿ. ಪೊಲೀಸರಿಗೆ ತಕ್ಷಣ ದೂರು ಕೊಟ್ಟಿದ್ದರೆ, ಕಂಪನಿಗೆ ತಿಳಿಸಲು ತಡವಾಯಿತು ಎಂಬ ಒಂದೇ ಕಾರಣಕ್ಕೆ ಕ್ಲೇಮ್ ನಿರಾಕರಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2020ರ ಜನವರಿಯಲ್ಲಿ ಹೇಳಿದೆ. ಗಾಡಿ ಸಿಗದಿದ್ದರೆ ಠಾಣೆಯಿಂದ ಸಿ ರಿಪೋರ್ಟ್, ಅಂದರೆ ಪತ್ತೆಯಾಗಲಿಲ್ಲ ಎಂಬ ವರದಿ, ಪಡೆಯಬೇಕು, ಅದಕ್ಕೆ ಸಮಯ ಹಿಡಿಯುತ್ತೆ, ಬೆನ್ನು ಬಿಡಬೇಡಿ.

ಮೊದಲು ಮೀಟರ್ ಹಿಡಿದು ಬಂದ ಅಂಕಿ, ಬ್ಯಾಟರಿ ಎಷ್ಟು ಆಂಪಿಯರ್-ಅವರ್‌ನದು, ಅಲಾರಾಂ ಡಬ್ಬಿಯಿಂದ ಯಾವ ಯಾವ ಬಣ್ಣದ ವೈರ್ ಎಲ್ಲೆಲ್ಲಿಗೆ ಹೋಗಿದೆ, ಇಷ್ಟು ಕೆಳಗೆ ಬರೆಯಿರಿ. ಮುಂದೇನು ಮಾಡಬೇಕು ಅಂತ ಹೇಳ್ತೀನಿ.