ಓದುಗರ ಪ್ರಶ್ನೆ: ಲೈಬ್ರರಿಯ ಕಾರ್ಯಕ್ರಮಕ್ಕೆ ನಾನೂ ಹೋಗಬಹುದಾ?

ಕಳೆದ ಸಂಚಿಕೆಯಲ್ಲಿ ಒಂದು ಮಾತು ಬರೆದಿದ್ದೆ. ಲೈಬ್ರರಿಗಳಲ್ಲಿ ಇತಿಹಾಸ, ಸಾಹಿತ್ಯದ ಉಚಿತ ಕಾರ್ಯಕ್ರಮಗಳು ನಡೆಯುತ್ತವಲ್ಲ, ಅದರ ಬಗ್ಗೆ ಏನು ಕೇಳಬೇಕೋ ಕೇಳಿ ಅಂತ. ಪತ್ರಗಳು ಬಂದಿವೆ. ಇಂಥ ಕಾರ್ಯಕ್ರಮ ನಡೆಸುತ್ತಾ ನಾನು ಬಹಳ ವರ್ಷ ಕಳೆದಿದ್ದೇನೆ, ಕುರ್ಚಿ ಜೋಡಿಸುವುದರಿಂದ ಹಿಡಿದು ಭಾಷಣಕಾರರನ್ನು ಕರೆತರುವ ತನಕ ಎಲ್ಲ ಕೆಲಸ ಮಾಡಿದ್ದೇನೆ. ಗೊತ್ತಿರುವುದನ್ನು ಹೇಳುತ್ತೇನೆ.

ಪ್ರಶ್ನೆ: ನಮ್ಮ ಲೈಬ್ರರಿಯ ನೋಟಿಸ್ ಬೋರ್ಡಿನಲ್ಲಿ ಪ್ರತಿ ತಿಂಗಳೂ ‘ಉಪನ್ಯಾಸ ಮತ್ತು ಸಂವಾದ, ಎಲ್ಲರಿಗೂ ಸ್ವಾಗತ’ ಅಂತ ಚೀಟಿ ಅಂಟಿಸಿರುತ್ತಾರೆ. ನಾನು ಹೈಸ್ಕೂಲಿಗೇ ಓದು ನಿಲ್ಲಿಸಿದವಳು. ಅಲ್ಲಿಗೆ ಬರುವವರೆಲ್ಲ ತುಂಬಾ ಓದಿಕೊಂಡವರೇ ಇರಬೇಕು. ಎರಡು ಸಲ ಬಾಗಿಲ ತನಕ ಹೋಗಿ ವಾಪಸ್ ಬಂದೆ. ನಾನು ಅಲ್ಲಿ ಸದಸ್ಯೆಯೂ ಅಲ್ಲ. ಹೋಗಬಹುದಾ?

ಉತ್ತರ: ಹೋಗಿ ಮೇಡಂ, ಖಂಡಿತ ಹೋಗಿ. ಎಲ್ಲರಿಗೂ ಸ್ವಾಗತ ಅಂತ ಬರೆದ ಮೇಲೆ ಅದರಲ್ಲಿ ನೀವೂ ಸೇರಿದಿರಿ ಅಲ್ವಾ? ಮನೆಗೆ ಪುಸ್ತಕ ಒಯ್ಯುವುದಕ್ಕೆ ಕಾರ್ಡು ಬೇಕು, ಕೂತು ಕೇಳುವುದಕ್ಕೆ ಸಾಮಾನ್ಯವಾಗಿ ಬೇಡ. ಜಾಗ ಕಡಿಮೆ ಇರುವ ಕಡೆ ಮೊದಲೇ ಹೆಸರು ಬರೆಸಿ ಅನ್ನುತ್ತಾರೆ, ಅಷ್ಟೇ.

ಇದು ಯಾರೋ ದೊಡ್ಡ ಮನಸ್ಸು ಮಾಡಿ ಕೊಡುವ ಸವಲತ್ತು ಅಂತ ಅಂದುಕೊಳ್ಳಬೇಡಿ. ಯುನೆಸ್ಕೊ 1949ರಲ್ಲೇ ಸಾರ್ವಜನಿಕ ಗ್ರಂಥಾಲಯಗಳು ಹೇಗಿರಬೇಕು ಅಂತ ಒಂದು ಪ್ರಣಾಳಿಕೆ ಹೊರಡಿಸಿತು. ಅದನ್ನು ಆಮೇಲೆ ಕೆಲವು ಸಲ ತಿದ್ದಿದ್ದಾರೆ, ಈಗಿರುವುದು 2022ರದ್ದು. 1994ರ ಪ್ರಣಾಳಿಕೆಯಲ್ಲಿ ನೇರವಾಗಿ ಹೇಳಿದೆ: ವಯಸ್ಸು, ಜನಾಂಗ, ಲಿಂಗ, ಧರ್ಮ, ದೇಶ, ಭಾಷೆ, ಅಂತಸ್ತು ಯಾವುದನ್ನೂ ನೋಡದೆ ಲೈಬ್ರರಿ ಎಲ್ಲರಿಗೂ ಸಮಾನವಾಗಿ ಸಿಗಬೇಕು, ತಾತ್ವಿಕವಾಗಿ ಅದು ಉಚಿತವಾಗಿರಬೇಕು. ಓದಿದವರಿಗೆ ಮಾತ್ರ ಅಂತ ಎಲ್ಲೂ ಇಲ್ಲ. ಇಂಗ್ಲೆಂಡಿನ ಮ್ಯಾಂಚೆಸ್ಟರಿನಲ್ಲಿ 1852ರಲ್ಲಿ ಉಚಿತ ಲೈಬ್ರರಿ ಶುರುವಾದಾಗ ಕಾದಂಬರಿಕಾರ ಚಾರ್ಲ್ಸ್ ಡಿಕನ್ಸ್ ಸಭೆಗೆ ಬಂದು ಮಾತಾಡಿದ್ದರು. ದುಡಿಯುವ ಜನ ಬಂದು ಓದಲಿ ಅಂತಲೇ ಆ ಲೈಬ್ರರಿ ಕಟ್ಟಿದ್ದು. ಅಂದರೆ ನೀವು ಬಾಗಿಲಿಂದ ವಾಪಸ್ ಬಂದಿರಲ್ಲ, ಆ ಬಾಗಿಲು ಮಾಡಿರುವುದೇ ನಿಮಗೋಸ್ಕರ.

ಒಂದು ಸಣ್ಣ ಉಪಾಯ ಹೇಳುತ್ತೇನೆ. ಹತ್ತು ನಿಮಿಷ ಮುಂಚೆ ಹೋಗಿ. ಆಗ ಇನ್ನೂ ಕುರ್ಚಿ ಹಾಕುತ್ತಿರುತ್ತಾರೆ, ಕೈಜೋಡಿಸಿ. ಕೂತವರ ಮಧ್ಯೆ ದಾಟಿಕೊಂಡು ಹೋಗುವ ಮುಜುಗರ ಇರುವುದಿಲ್ಲ, ನಾಲ್ಕು ಮುಖ ಪರಿಚಯವೂ ಆಗುತ್ತದೆ. ಮಧ್ಯದಲ್ಲಿ ಏಳಬೇಕಾದರೆ ಸುಮ್ನೆ ಎದ್ದು ಬನ್ನಿ. ಯಾರೂ ಏನೂ ಅಂದುಕೊಳ್ಳುವುದಿಲ್ಲ.

ಪ್ರಶ್ನೆ: ನಾನು ಒಂದು ಸಣ್ಣ ಲೈಬ್ರರಿಯಲ್ಲಿ ಲೈಬ್ರೇರಿಯನ್. ಮೂರು ತಿಂಗಳ ಹಿಂದೆ ಇತಿಹಾಸದ ಉಪನ್ಯಾಸ ಇಟ್ಟಿದ್ದೆ. ಏಳೇ ಜನ ಬಂದರು. ಬಂದ ಭಾಷಣಕಾರರ ಮುಖ ನೋಡಲಿಕ್ಕೇ ಆಗಲಿಲ್ಲ ನನಗೆ. ಮತ್ತೆ ಮಾಡಲಾ ಬೇಡವಾ?

ಉತ್ತರ: ಮಾಡಿ. ಮೊದಲನೇ ಸಲಕ್ಕೆ ಏಳು ಜನ ಕಡಿಮೆಯೇನಲ್ಲ. ಆ ಏಳು ಜನರ ಹೆಸರು ನಿಮಗೆ ನೆನಪಿದೆಯಾ? ಅದು ಮುಖ್ಯ. ಮುಂದಿನ ಕಾರ್ಯಕ್ರಮದ ಸುದ್ದಿಯನ್ನು ಮೊದಲು ಅವರಿಗೇ ಹೇಳಿ, ಒಬ್ಬೊಬ್ಬರು ಇನ್ನೊಬ್ಬರನ್ನು ಕರೆತನ್ನಿ ಅಂತ ಕೇಳಿ. ಆಹ್ವಾನ ಪತ್ರಿಕೆ ಎಷ್ಟೇ ಚಂದ ಮಾಡಿಸಿ, ಪರಿಚಯದವರು ‘ಬಾ, ಜೊತೆಗೆ ಹೋಗೋಣ’ ಅಂದಷ್ಟು ಅದು ಕೆಲಸ ಮಾಡುವುದಿಲ್ಲ.

ಎರಡನೆಯದು, ದಿನ ಬದಲಿಸಬೇಡಿ. ತಿಂಗಳ ಎರಡನೇ ಶನಿವಾರ ಅಂದರೆ ಪ್ರತಿ ತಿಂಗಳೂ ಅದೇ ಶನಿವಾರ, ಅದೇ ಹೊತ್ತು, ಅದೇ ಕೋಣೆ. ಜನರಿಗೆ ಅಭ್ಯಾಸ ಆಗುವುದಕ್ಕೆ ಆರು ತಿಂಗಳಾದರೂ ಬೇಕು. ಮೂರು ತಿಂಗಳಿಗೊಮ್ಮೆ ದೊಡ್ಡದಾಗಿ ಮಾಡಿ ಸುಸ್ತಾಗುವ ಬದಲು ತಿಂಗಳಿಗೊಮ್ಮೆ ಸಣ್ಣದಾಗಿ ಮಾಡಿ.

ವಿಷಯವೂ ಸಣ್ಣದಿರಲಿ. ‘ಸಾಮ್ರಾಜ್ಯಗಳ ಏಳುಬೀಳು’ ಅಂತ ಬೋರ್ಡು ಹಾಕಿದರೆ ಜನ ಅದು ನಮಗಲ್ಲ ಅಂದುಕೊಂಡು ಮುಂದೆ ಹೋಗುತ್ತಾರೆ. ‘ಈ ರಸ್ತೆಗೆ ಈ ಹೆಸರು ಯಾಕೆ ಬಂತು’ ಅಂತ ಹಾಕಿ ನೋಡಿ. ಭಾಷಣ ನಲವತ್ತು ನಿಮಿಷ ದಾಟಬಾರದು, ಉಳಿದಿದ್ದು ಮಾತುಕತೆಗೆ. ಇದನ್ನು ನಾನು ಕಲಿತಿದ್ದು ಒಂದು ಕಹಿ ಅನುಭವದಿಂದ. ಒಮ್ಮೆ ಒಬ್ಬರು ಒಂದೂವರೆ ಗಂಟೆ ಮಾತಾಡಿದರು, ಆಮೇಲೆ ಲೈಬ್ರರಿ ಮುಚ್ಚುವ ಹೊತ್ತಾಯಿತು. ಹಿಂದಿನ ಸಾಲಿನಲ್ಲಿ ಒಬ್ಬ ಹಿರಿಯರು ಕೈಯಲ್ಲಿ ಒಂದು ಹಳೇ ರಸೀದಿ ಪುಸ್ತಕ ಹಿಡಿದು ಕೂತಿದ್ದರು, ತೋರಿಸುವುದಕ್ಕೆ ಅಂತಲೇ ತಂದಿದ್ದರು. ತೋರಿಸಲಿಕ್ಕೆ ಆಗಲೇ ಇಲ್ಲ. ಮತ್ತೆ ಅವರು ಬರಲಿಲ್ಲ. ಅದು ಇವತ್ತಿಗೂ ನನ್ನನ್ನು ಕಾಡುತ್ತದೆ.

ಆವತ್ತಿನಿಂದ ಒಂದು ಮೇಜು ಬೇರೆಯೇ ಇಡುತ್ತೇನೆ. ನಿಮ್ಮ ಹತ್ತಿರ ಹಳೇ ಫೋಟೊ, ಪತ್ರ, ಏನಿದ್ದರೂ ತನ್ನಿ ಅಂತ ಚೀಟಿಯಲ್ಲೇ ಬರೆಯುತ್ತೇನೆ. ಒಂದು ಸಲ ಆ ಮೇಜಿನ ಮೇಲೆ ಒಂದು ಗುಂಪು ಫೋಟೊ ಇತ್ತು. ಸೇತುವೆ ಕೆಲಸದ ಮುಂದೆ ಸಾಲಾಗಿ ನಿಂತ ಕೂಲಿಗಳು, ಇಪ್ಪತ್ತಕ್ಕಿಂತ ಜಾಸ್ತಿ ಜನ. ಹಿಂದೆ ಇಸವಿ ಮಾತ್ರ ಬರೆದಿತ್ತು, ಒಬ್ಬರ ಹೆಸರೂ ಇರಲಿಲ್ಲ. ಮೇಜಿನ ಹತ್ತಿರ ಬಂದ ಒಬ್ಬ ಅಜ್ಜಿ ಕನ್ನಡಕ ತೆಗೆದು, ಸೆರಗಿನಲ್ಲಿ ಒರೆಸಿಕೊಂಡು, ಮತ್ತೆ ಹಾಕಿಕೊಂಡು ಬಗ್ಗಿದರು. ಎರಡನೇ ಸಾಲಿನಲ್ಲಿ, ತಲೆ ಮೇಲೆ ಬುಟ್ಟಿ ಇಟ್ಟುಕೊಂಡ ಹೆಂಗಸಿನ ಮೇಲೆ ಬೆರಳಿಟ್ಟು ‘ಇವಳು ನಮ್ಮ ದೊಡ್ಡಮ್ಮ’ ಅಂದರು. ಆಮೇಲೆ ಪಕ್ಕದವರು, ಅವರ ಪಕ್ಕದವರು. ಐದು ಹೆಸರು ಸಿಕ್ಕಿತು. ನಾನು ಫೋಟೊದ ಮೇಲೆ ತೆಳು ಕಾಗದ ಇಟ್ಟು, ಮುಖಗಳ ಗುರುತಿಗೆ ಸುತ್ತು ಹಾಕಿ ಹೆಸರು ಬರೆದುಕೊಂಡೆ. ಆವತ್ತು ಸಭೆಯಲ್ಲಿ ಇದ್ದಿದ್ದು ಹನ್ನೊಂದು ಜನ. ಮುನ್ನೂರು ಜನ ಇದ್ದು ಆ ಅಜ್ಜಿ ಇರದಿದ್ದರೆ ಆ ಐದು ಹೆಸರು ಹೋಗಿಯೇ ಬಿಡುತ್ತಿತ್ತು.

ಹಾಗಾಗಿ ತಲೆ ಎಣಿಸಬೇಡಿ ಅಂತ ಹೇಳುವುದಿಲ್ಲ, ಎಣಿಸಿ, ಮೇಲಿನವರಿಗೆ ಲೆಕ್ಕ ಕೊಡಬೇಕಾಗುತ್ತದೆ. ಅದರ ಜೊತೆಗೆ ಆವತ್ತು ಏನು ಹೊಸದಾಗಿ ಗೊತ್ತಾಯಿತು ಅಂತಲೂ ಒಂದು ಸಾಲು ಬರೆದಿಡಿ.

ಪ್ರಶ್ನೆ: ಪುಸ್ತಕ ಓದದೆ ಪುಸ್ತಕದ ಚರ್ಚೆಗೆ ಹೋದರೆ ತಪ್ಪಾ?

ಉತ್ತರ: ತಪ್ಪಲ್ಲ. ಕೇಳಿ ಬನ್ನಿ, ಇಷ್ಟವಾದರೆ ಆಮೇಲೆ ಓದಿ. ನಡೆಸುವವರೂ ಶುರುವಿಗೆ ಒಂದು ಪುಟವನ್ನು ಜೋರಾಗಿ ಓದಬೇಕು, ಆಗ ಓದಿದವರೂ ಓದದವರೂ ಒಂದೇ ಕಡೆಯಿಂದ ಹೊರಟ ಹಾಗಾಗುತ್ತದೆ. 1998ರಲ್ಲಿ ಅಮೆರಿಕದ ಸಿಯಾಟಲ್‌ನ ಲೈಬ್ರರಿಯವರು ಇಡೀ ನಗರ ಒಂದೇ ಪುಸ್ತಕ ಓದಿದರೆ ಹೇಗೆ ಅಂತ ಒಂದು ಪ್ರಯೋಗ ಶುರು ಮಾಡಿದರು. ಆಮೇಲೆ ಅದು ಬೇಕಾದಷ್ಟು ಊರುಗಳಿಗೆ ಹಬ್ಬಿತು. ನಿಮ್ಮ ಲೈಬ್ರರಿಯಲ್ಲಿ ಚರ್ಚೆಯ ಪುಸ್ತಕದ ಪ್ರತಿಗಳು ಸಾಕಷ್ಟು ಇಲ್ಲದಿದ್ದರೆ ಸಣ್ಣ ಕತೆಯೊಂದನ್ನು ಆರಿಸಿ ಅಂತ ನಡೆಸುವವರಿಗೆ ಹೇಳಿ. ಅರ್ಧ ಗಂಟೆಯಲ್ಲಿ ಅಲ್ಲೇ ಓದಿ ಮುಗಿಸಬಹುದು.

ಪ್ರಶ್ನೆ: ನಮ್ಮ ತಾತ ಬರೆದ ಪತ್ರಗಳು ಒಂದು ಟ್ರಂಕಿನಲ್ಲಿವೆ. ಲೈಬ್ರರಿಯವರು ಇತಿಹಾಸದ ದಿನಕ್ಕೆ ತನ್ನಿ ಅನ್ನುತ್ತಿದ್ದಾರೆ. ಕಳೆದುಹೋದರೆ ಅನ್ನುವ ಭಯ. ಕೊಡಲಾ?

ಉತ್ತರ: ತೋರಿಸಿ, ಆದರೆ ಆವತ್ತೇ ಬಿಟ್ಟು ಬರಬೇಡಿ. ಸ್ಕ್ಯಾನ್ ಮಾಡಿಕೊಳ್ಳಲಿ, ಮೂಲ ಪತ್ರ ನಿಮ್ಮ ಜೊತೆಗೇ ಮನೆಗೆ ಬರಲಿ. ಪತ್ರಕ್ಕೆ 300 ಡಿಪಿಐ (ಒಂದು ಇಂಚಿಗೆ ಎಷ್ಟು ಚುಕ್ಕಿ ಅನ್ನುವ ಲೆಕ್ಕ) ಸಾಕು, ಸಣ್ಣ ಫೋಟೊಗಳಿದ್ದರೆ 600 ಹಾಕಿಸಿ. ಕಾಯ್ದಿಡುವ ಪ್ರತಿ ಟಿಫ್‌ ಅನ್ನುವ ಬಗೆಯ ಫೈಲಿನಲ್ಲಿರಲಿ, ಹಂಚುವುದಕ್ಕೆ ಜೆಪೆಗ್ ಆಗುತ್ತದೆ. ಜೆಪೆಗ್ ಫೈಲನ್ನು ಮತ್ತೆ ಮತ್ತೆ ತಿದ್ದಿ ಸೇವ್ ಮಾಡಿದರೆ ಚಿತ್ರದ ಗುಣಮಟ್ಟ ಇಳಿಯುತ್ತಾ ಹೋಗುತ್ತದೆ.

ಮುಟ್ಟುವ ಮುಂಚೆ ಕೈ ತೊಳೆದು ಚೆನ್ನಾಗಿ ಒಣಗಿಸಿಕೊಳ್ಳಿ. ಹಳೇ ಕಾಗದಕ್ಕೆ ಕೈಗವಸು ಬೇಕಿಲ್ಲ, ಬಟ್ಟೆ ಕೈಗವಸು ಹಾಕಿದರೆ ಬೆರಳಿಗೆ ಸ್ಪರ್ಶ ತಿಳಿಯದೆ ಅಂಚು ಹರಿಯುವ ಅಪಾಯ ಜಾಸ್ತಿ. ಫೋಟೊ ಮತ್ತು ನೆಗೆಟಿವ್ ಮುಟ್ಟುವಾಗ ಮಾತ್ರ ಕೈಗವಸು ಒಳ್ಳೆಯದು, ಬೆರಳಿನ ಎಣ್ಣೆ ಅಂಟುತ್ತದೆ. ಹರಿದ ಕಡೆ ಸೆಲ್ಲೊಟೇಪ್ ಹಚ್ಚಬೇಡಿ, ದಯವಿಟ್ಟು. ಕೆಲವು ವರ್ಷದಲ್ಲಿ ಅದರ ಅಂಟು ಕಂದು ಬಣ್ಣಕ್ಕೆ ತಿರುಗಿ ಕಾಗದದೊಳಗೆ ಇಳಿಯುತ್ತದೆ, ಅಕ್ಷರವೇ ಕಾಣದ ಹಾಗಾಗುತ್ತದೆ. ತುಕ್ಕು ಹಿಡಿದ ಗುಂಡುಪಿನ್ ಇದ್ದರೆ ನಿಧಾನಕ್ಕೆ ಬಿಡಿಸಿ. ಗುರುತಿಗೆ ಏನಾದರೂ ಬರೆಯಬೇಕಾದರೆ ಮೆತ್ತನೆಯ ಪೆನ್ಸಿಲ್, ಪೆನ್ನು ಬೇಡ.

ಮುಂದೆ ಮೂಲವನ್ನೇ ಕೊಡಬೇಕು ಅನ್ನಿಸಿದರೆ ಬರವಣಿಗೆಯಲ್ಲಿ ಮಾಡಿಕೊಳ್ಳಿ: ದಾನವೋ, ಸ್ವಲ್ಪ ಕಾಲಕ್ಕೆ ಕೊಟ್ಟಿದ್ದೋ, ಯಾರು ನೋಡಬಹುದು, ಅಚ್ಚು ಹಾಕಬಹುದಾ. ಪತ್ರಗಳಲ್ಲಿ ಇನ್ನೊಬ್ಬರ ಮನೆಯ ಸಾಲ, ಕಾಯಿಲೆ, ಜಗಳದ ವಿಷಯ ಇದ್ದರೆ ಆ ಹಾಳೆಗಳನ್ನು ಸದ್ಯಕ್ಕೆ ಬೇರೆ ಇಡಿ. ಅವರ ಮೊಮ್ಮಕ್ಕಳು ಅದೇ ಸಭೆಯಲ್ಲಿ ಕೂತಿರಬಹುದು.

ಪ್ರಶ್ನೆ: ಕಳೆದ ತಿಂಗಳ ಕಾರ್ಯಕ್ರಮದಲ್ಲಿ ಒಬ್ಬರು ಎದ್ದು ನಿಂತು ‘ನೀವು ಹೇಳಿದ್ದು ಪೂರ್ತಿ ಸುಳ್ಳು, ನಮ್ಮಪ್ಪ ಬೇರೆ ಹೇಳಿದ್ದರು’ ಅಂತ ಕೂಗಾಡಿದರು. ಸಭೆಯೇ ಕೆಟ್ಟಿತು. ನಿರೂಪಣೆ ನನ್ನದೇ. ಇಂಥಾ ಹೊತ್ತಲ್ಲಿ ಏನು ಮಾಡಬೇಕು?

ಉತ್ತರ: ಇತಿಹಾಸದ ಸಭೆಯಲ್ಲಿ ಇದು ಆಗುತ್ತಲೇ ಇರುತ್ತದೆ, ಹೆದರಬೇಡಿ. ಸಿಟ್ಟು ಬಂದಿದೆ ಅಂದರೆ ಅವರಿಗೆ ಆ ವಿಷಯ ಹತ್ತಿರದ್ದು ಅಂತ ಅರ್ಥ. ಮೈಕು ಕಿತ್ತುಕೊಳ್ಳಬೇಡಿ. ಒಂದೇ ಪ್ರಶ್ನೆ ಇಬ್ಬರಿಗೂ ಕೇಳಿ, ಭಾಷಣಕಾರರಿಗೂ ಕೇಳಿ: ‘ಇದು ನಿಮಗೆ ಹೇಗೆ ಗೊತ್ತಾಯಿತು?’ ಒಬ್ಬರು ಕಡತ ನೋಡಿರುತ್ತಾರೆ, ಇನ್ನೊಬ್ಬರು ಅಪ್ಪನ ಬಾಯಲ್ಲಿ ಕೇಳಿರುತ್ತಾರೆ. ಎರಡನ್ನೂ ಬರೆದುಕೊಳ್ಳಿ.

ನೆನಪಿನ ಮಾತನ್ನು ಕೀಳಾಗಿ ನೋಡುವ ಕಾಲ ಹೋಯಿತು. ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಇತಿಹಾಸಕಾರ ಅಲನ್ ನೆವಿನ್ಸ್ 1948ರಲ್ಲಿ ಜನರ ನೆನಪುಗಳನ್ನು ಕ್ರಮವಾಗಿ ದಾಖಲಿಸುವ ಕೆಲಸ ಶುರು ಮಾಡಿದರು, ಮೌಖಿಕ ಇತಿಹಾಸ ಅಂತ ಈಗ ಅದು ಒಂದು ವಿದ್ಯೆಯೇ ಆಗಿದೆ. ಆದರೆ ನೆನಪಿಗೆ ಅದರದ್ದೇ ಸ್ವಭಾವ ಇದೆ. ಇಸವಿ, ಲೆಕ್ಕ, ಯಾವುದು ಮೊದಲು ಯಾವುದು ಆಮೇಲೆ, ಇಲ್ಲೆಲ್ಲ ಅದು ಜಾರುತ್ತದೆ. ನೆರೆ ಬಂದಾಗ ನೀರು ಯಾವ ಮೆಟ್ಟಿಲ ತನಕ ಏರಿತ್ತು, ಜನ ಏನು ಹೊತ್ತುಕೊಂಡು ಓಡಿದರು ಅನ್ನುವುದು ಮಾತ್ರ ಕಡತದಲ್ಲಿ ಸಿಗುವುದಿಲ್ಲ, ನೆನಪಿನಲ್ಲೇ ಸಿಗಬೇಕು. ಆ ಕೂಗಾಡಿದವರನ್ನು ಮುಂದಿನ ವಾರ ಕರೆಯಿರಿ, ಒಂದು ಗಂಟೆ ಕೂರಿಸಿ, ಒಪ್ಪಿಗೆ ಪಡೆದು ಅವರಪ್ಪ ಹೇಳಿದ್ದನ್ನೆಲ್ಲ ರೆಕಾರ್ಡ್ ಮಾಡಿ. ನಾನಾಗಿದ್ದರೆ ಇವತ್ತೇ ಫೋನ್ ಮಾಡುತ್ತಿದ್ದೆ.

ಇನ್ನೊಂದು ವಿಷಯ. ಸಭೆ ನಡೆಯುವಾಗ ಅದೇ ವಿಷಯದ ಪುಸ್ತಕಗಳನ್ನು ಕಪಾಟಿನಿಂದ ತಂದು ಮೇಜಿನ ಮೇಲಿಡಿ. ಒಬ್ಬರಿಗೊಬ್ಬರು ಒಪ್ಪದ ಪುಸ್ತಕಗಳಿದ್ದರೆ ಎರಡನ್ನೂ ಇಡಿ. ನಮ್ಮ ದೇಶದ ಗ್ರಂಥಾಲಯ ತಜ್ಞ ಎಸ್. ಆರ್. ರಂಗನಾಥನ್ 1931ರಲ್ಲಿ ಗ್ರಂಥಾಲಯದ ಐದು ಸೂತ್ರ ಹೇಳಿದರಲ್ಲ, ಅದರಲ್ಲಿ ಮೂರನೆಯದು ಪ್ರತಿ ಪುಸ್ತಕಕ್ಕೂ ಅದರ ಓದುಗ ಸಿಗಬೇಕು ಅಂತ. ವರ್ಷಗಟ್ಟಲೆ ಯಾರೂ ಮುಟ್ಟದ ಪುಸ್ತಕವನ್ನು ಒಂದು ಜಗಳದ ಸಂಜೆ ಮೂರು ಜನ ಬರೆಸಿಕೊಂಡು ಹೋಗಿದ್ದನ್ನು ನಾನು ನೋಡಿದ್ದೇನೆ.

ಪ್ರಶ್ನೆ: ಈಗಿನ ಲೇಖಕರ ಕತೆಯನ್ನು ಕಾರ್ಯಕ್ರಮದಲ್ಲಿ ಪೂರ್ತಿ ಓದಬಹುದಾ? ದುಡ್ಡು ತೆಗೆದುಕೊಳ್ಳುವುದಿಲ್ಲ ನಾವು.

ಉತ್ತರ: ಕೇಳಿ ಓದಿ. ಕೃತಿಸ್ವಾಮ್ಯದ ಬಗ್ಗೆ ದೇಶಗಳು ಮಾಡಿಕೊಂಡಿರುವ ಬರ್ನ್ ಒಪ್ಪಂದದ ಪ್ರಕಾರ ಕೃತಿಯನ್ನು ಜನರ ಮುಂದೆ ಓದುವ ಹಕ್ಕೂ ಲೇಖಕರದ್ದೇ. ಟಿಕೆಟ್ ಇಲ್ಲ ಅಂದ ಮಾತ್ರಕ್ಕೆ ಆ ಹಕ್ಕು ಹೋಗುವುದಿಲ್ಲ. ಚರ್ಚೆಯ ಮಧ್ಯೆ ಹೆಸರು ಹೇಳಿ ನಾಲ್ಕು ಸಾಲು ಓದುವುದು ಬೇರೆ, ಅದಕ್ಕೆ ಅವಕಾಶ ಇದೆ. ಪೂರ್ತಿ ಓದಬೇಕಾದರೆ ಲೇಖಕರಿಗೋ ಪ್ರಕಾಶಕರಿಗೋ ಒಂದು ಪತ್ರ ಬರೆಯಿರಿ. ನಾನು ಕೇಳಿದವರಲ್ಲಿ ಹೆಚ್ಚಿನವರು ಖುಷಿಯಿಂದ ಒಪ್ಪಿದ್ದಾರೆ. ಒಬ್ಬರು ತಾವೇ ಬಂದು ಓದಿದರು. ತೀರಿಕೊಂಡ ಲೇಖಕರದ್ದಾದರೆ ಅವರು ತೀರಿ ಎಷ್ಟು ವರ್ಷವಾಯಿತು ನೋಡಿ. ಆ ಒಪ್ಪಂದದಲ್ಲಿ ಕನಿಷ್ಠ ಅಂತ ಇರುವುದು 50 ವರ್ಷ, ಎಷ್ಟೋ ದೇಶಗಳು ಅದಕ್ಕಿಂತ ಜಾಸ್ತಿ ಇಟ್ಟುಕೊಂಡಿವೆ.

ಪ್ರಶ್ನೆ: ಅಮ್ಮನಿಗೆ ಕಿವಿ ಮಂದ. ಇಂಥ ಕಾರ್ಯಕ್ರಮ ಅಂದರೆ ಅವರಿಗೆ ಪ್ರಾಣ, ಆದರೆ ಪ್ರಶ್ನೋತ್ತರ ಶುರುವಾದ ಕೂಡಲೇ ಏನೂ ಕೇಳುವುದಿಲ್ಲ ಅಂತ ಬೇಜಾರಾಗಿ ಬಂದುಬಿಡುತ್ತಾರೆ.

ಉತ್ತರ: ಇದು ನಡೆಸುವವರ ಕೈಯಲ್ಲಿರುವ ವಿಷಯ. ಸಭೆಯಿಂದ ಬಂದ ಪ್ರಶ್ನೆಯನ್ನು ಮೈಕಿನಲ್ಲಿ ಇನ್ನೊಮ್ಮೆ ಹೇಳಿ ಆಮೇಲೆ ಉತ್ತರ ಕೊಡಬೇಕು. ‘ನನ್ನ ದನಿ ದೊಡ್ಡದು, ಮೈಕು ಬೇಡ’ ಅನ್ನುವವರ ಕೈಗೂ ಮೈಕು ಕೊಡಲೇಬೇಕು. ಮಾತಾಡುವವರ ಹಿಂದೆ ಕಿಟಕಿ ಇದ್ದರೆ ಮುಖ ಕಪ್ಪಾಗಿ ಕಾಣುತ್ತದೆ, ತುಟಿ ನೋಡಿ ತಿಳಿದುಕೊಳ್ಳುವವರಿಗೆ ಏನೂ ಸಿಗುವುದಿಲ್ಲ. ಬೆಳಕು ಮುಖದ ಮೇಲೆ ಬೀಳಬೇಕು. ಇಷ್ಟನ್ನೂ ಒಂದು ಚೀಟಿಯಲ್ಲಿ ಬರೆದು ಲೈಬ್ರೇರಿಯನ್ ಕೈಗೆ ಕೊಡಿ, ಸಂಕೋಚ ಬೇಡ. ಅಮ್ಮನನ್ನು ಮುಂದಿನ ಸಾಲಿನಲ್ಲಿ, ಚೆನ್ನಾಗಿ ಕೇಳುವ ಕಿವಿ ಮಾತಾಡುವವರ ಕಡೆಗಿರುವ ಹಾಗೆ ಕೂರಿಸಿ.

ಪ್ರಶ್ನೆ: ಭಾಷಣ ಮಾಡಲು ನನಗೆ ಬರುವುದಿಲ್ಲ. ಆದರೆ ನಿವೃತ್ತಿಯಾಗಿದೆ, ಸಮಯ ಇದೆ. ನನ್ನಿಂದ ಏನಾದರೂ ಉಪಯೋಗ ಇದೆಯಾ?

ಉತ್ತರ: ಬಹಳ ಇದೆ ಸಾರ್. ರೆಕಾರ್ಡ್ ಮಾಡಿದ ಮಾತನ್ನು ಕೇಳಿಸಿಕೊಂಡು ಬರೆದಿಡುವವರು ಬೇಕು. ಒಂದು ಗಂಟೆಯ ಮಾತಿಗೆ ಐದಾರು ಗಂಟೆ ಕೂರಬೇಕಾಗುತ್ತದೆ. ಅಷ್ಟು ಸಮಯ ಲೈಬ್ರರಿಯ ಸಿಬ್ಬಂದಿಗೆ ಸಿಗುವುದೇ ಇಲ್ಲ, ಹಾಗಾಗಿ ಎಷ್ಟೋ ಜನರ ಮಾತು ಹಾಗೇ ಕಂಪ್ಯೂಟರಿನಲ್ಲಿ ಕೂತಿರುತ್ತದೆ, ಮಾತಾಡಿದವರು ಹೋದ ಮೇಲೆ ಅನುಮಾನ ಬಂದ ಹೆಸರನ್ನು ಯಾರನ್ನು ಕೇಳುವುದು? ಆಡಿದ ಮಾತನ್ನು ತಿದ್ದಬೇಡಿ, ಅವರು ಅಂದ ಹಾಗೇ ಬರೆಯಿರಿ. ಊರು, ಮನುಷ್ಯರ ಹೆಸರು ಬಂದಲ್ಲಿ ನಿಮಿಷ ಎಷ್ಟು ಅಂತ ಪಕ್ಕದಲ್ಲಿ ಹಾಕಿ. ಬರೆದಿದ್ದನ್ನು ಮಾತಾಡಿದವರಿಗೇ ಒಮ್ಮೆ ಓದಿ ಹೇಳಿ. ಆ ಹೊತ್ತಿಗೆ ಅವರಿಗೆ ಇನ್ನೊಂದು ವಿಷಯ ನೆನಪಾಗುತ್ತದೆ, ಪೆನ್ಸಿಲ್ ಕೈಯಲ್ಲೇ ಇರಲಿ.